ರೆಕ್ಸ್ ಹೇಳುವುದೇನೆಂದರೆ

ಜೂನ್ 13, ಗುರುವಾರ

ಬೆಳಿಗ್ಗೆ ಡೆಸ್ ಮತ್ತೆ ಬಂದಿದ್ದ. ಊರಿನ ರೇಡಿಯೋ ನಡೆಸುವವನು ಅವನೊಬ್ಬನೇ. ಹಳೆಯ ಬ್ಯಾಂಕಿನ ಹಿಂದಿನ ಕೋಣೆ, ಒಂದು ಮೈಕು, ಎರಡು ಕುರ್ಚಿ. ಏಪ್ರಿಲ್‌ನಲ್ಲಿ ಫುಟ್‌ಬಾಲ್ ಶುರುವಾದಾಗಿನಿಂದ ಗುರುವಾರ ಸಂಜೆ ಬರೀ ಹಾಡು ಹಾಕುತ್ತಿದ್ದಾನಂತೆ, ಜನ ಬೈಯುತ್ತಿದ್ದಾರಂತೆ. ಬೈಯದೆ ಇರುತ್ತಾರೆಯೇ? ಆ ಹೊತ್ತು ನನ್ನ ಗಂಡ ರೆಕ್ಸ್‌ನದು. ಶನಿವಾರ ಊರಿನ ತಂಡ ತಾರವಿಲ್‌ಗೆ ಯಾರ ಮೇಲೆ ಆಟ, ಯಾರ ಮಂಡಿ ಊದಿದೆ, ಯಾರ ಕಾಲು ಹದವಾಗಿದೆ, ಯಾರು ಗೆಲ್ಲಬಹುದು ಎಂದು ಅವನು ಹೇಳುವುದನ್ನು ಕೇಳಿದ ಮೇಲೆಯೇ ಈ ಊರಿನವರು ರಾತ್ರಿಯ ಊಟಕ್ಕೆ ಕೂರುತ್ತಿದ್ದದ್ದು.

"ನೀನೇ ಓದಿಬಿಡು ನೋಲೀನ್. ಹತ್ತು ನಿಮಿಷದ ಕೆಲಸ."

"ನಾನು ಕೂಂಗಲ್‌ನವಳು ಡೆಸ್. ನಿಮ್ಮ ಎದುರಾಳಿ ಊರು, ಮರೆತುಹೋಯ್ತಾ?"

"ಇಲ್ಲಿಗೆ ಮದುವೆಯಾಗಿ ಬಂದು ನಲವತ್ತು ವರ್ಷ ಆಯ್ತಲ್ಲೇ ಮಾರಾಯ್ತಿ!"

"ಆಗಲಿ. ಆ ಆಟದ ತಲೆಬುಡ ನಂಗೊತ್ತಿಲ್ಲ."

ಇದು ಸುಳ್ಳಲ್ಲ. ನಲವತ್ತು ಚಳಿಗಾಲ ಮೈದಾನದ ಬೇಲಿಗೆ ಮೂತಿಯಿಟ್ಟು ನಿಲ್ಲಿಸಿದ ಕಾರಿನಲ್ಲಿ ಕೂತು ಸ್ವೆಟರ್ ಹೆಣೆದಿದ್ದೇನೆ. ಮೊಟ್ಟೆಯಂಥ ಒಂದು ಚೆಂಡಿನ ಹಿಂದೆ ಮೂವತ್ತಾರು ಗಂಡಸರು ಕೆಸರಲ್ಲಿ ಬಿದ್ದು ಎದ್ದು ಓಡುವುದನ್ನು ನೋಡಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ರೆಕ್ಸ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತಿದ್ದ. ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದಂದಿನಿಂದ ಯಾರೇ ಬಂದರೂ ಹಾಗೆಯೇ. ಬಲಗೈ ಅರ್ಧಂಬರ್ಧ ಬಂದಿದೆ, ಕೋಲು ಹಿಡಿದು ನಡೆಯುತ್ತಾನೆ. ಮಾತು ಮಾತ್ರ ಹೋಯಿತು. 'ಹೌದು', 'ಇಲ್ಲ' ಇದೆ. ಅದೂ ಒಂದರ ಬದಲು ಇನ್ನೊಂದು ಬರುತ್ತದೆ. ಮತ್ತೆ ಎಲ್ಲಿಂದಲೋ ಬಂದು ನಾಲಿಗೆಗೆ ಅಂಟಿಕೊಂಡಿರುವ ಒಂದು ಪದ, 'ಮಂಗಳವಾರ'. ಹಸಿವಾದರೆ ಮಂಗಳವಾರ. ಕಾಲು ಚಳಿಗೆ ಸೆಟೆದರೆ ಮಂಗಳವಾರ. ಸಿಟ್ಟು ಬಂದರೆ ಅದೇ ಪದ, ಗಂಟಲು ಹರಿಯುವ ಹಾಗೆ.

ಈಗ ಕಿಟಕಿಯಿಂದ ತಿರುಗಿ ನನ್ನತ್ತ ಬೆರಳು ತೋರಿಸಿ, "ಮಂಗಳವಾರ," ಅಂದ. ಮೆತ್ತಗೆ.

"ಏನಂತೆ?" ಡೆಸ್ ನನ್ನನ್ನು ಕೇಳಿದ.

"ನಾನೇ ಓದಬೇಕಂತೆ," ಅಂದೆ. ಬೇರೆ ಇನ್ನೇನು ಅನ್ನಲಿ!

ಜೂನ್ 20, ಗುರುವಾರ

ಓದಿ ಬಂದೆ.

ನಿನ್ನೆ ಇಡೀ ದಿನ ಅದೇ ಕೆಲಸ. ಆಟಗಾರರ ಹೆಸರು ಒಂದೊಂದೇ ಓದಿದೆ, ರೆಕ್ಸ್‌ನ ಹುಬ್ಬು ನೋಡಿದೆ. ಹುಬ್ಬು ಮೇಲೆ ಹೋದರೆ ಒಳ್ಳೆಯ ಆಟಗಾರ. ತುಟಿ ಕೊಂಕಿದರೆ ದಂಡಪಿಂಡ. ಅಷ್ಟನ್ನೇ ಹಿಡಿದು, ಉಳಿದದ್ದನ್ನು ಅವನು ಹೋದ ವರ್ಷ ಹೇಳುತ್ತಿದ್ದ ಧಾಟಿಯಲ್ಲಿ ನಾನೇ ತುಂಬಿದೆ. ಪ್ರತಿ ಮಾತಿಗೂ ಮೊದಲು "ರೆಕ್ಸ್ ಹೇಳುವುದೇನೆಂದರೆ" ಎಂದು ಸೇರಿಸಿದೆ. ಅವನ ಹೆಸರಿನ ಹಿಂದೆ ನಿಂತರೆ ಗಾಳಿ ತಾಕುವುದಿಲ್ಲ.

ದಿನಸಿ ಅಂಗಡಿಯಲ್ಲಿ ಇಬ್ಬರು ಹೇಳಿದರು, ಥೇಟ್ ರೆಕ್ಸ್ ಮಾತಾಡಿದ ಹಾಗೇ ಇತ್ತು ಎಂದು. ಮನೆಗೆ ಬಂದು ಅವನಿಗೆ ಹೇಳಿದೆ. ಮುಖ ಕಿಟಕಿಯ ಕಡೆಗೇ ಇತ್ತು.

ಜೂನ್ 25, ಮಂಗಳವಾರ

ಇವತ್ತಾದರೂ ಅವನ ಪದ ಸರಿಹೋಯಿತು. ನಾನು ನಕ್ಕೆ. ಅವನು ನಗಲಿಲ್ಲ.

ಮಾಯ್ ಬಂದಿದ್ದಳು. ಮಾತು ಕಲಿಸುವ ಹುಡುಗಿ. ದೊಡ್ಡ ಊರಿನ ಆಸ್ಪತ್ರೆಯಿಂದ ಹದಿನೈದು ದಿನಕ್ಕೊಮ್ಮೆ ತಾನೇ ಕಾರು ಓಡಿಸಿಕೊಂಡು ಬರುತ್ತಾಳೆ. ನೋಡಲು ಶಾಲೆಗೆ ಹೋಗುವವಳ ಹಾಗಿದ್ದಾಳೆ. ಅವನಿಗೊಂದು ಚಿತ್ರ ತೋರಿಸಿ ಇದೇನು ಎಂದು ಕೇಳಿದಳು. ಅವನ ಬಾಯಿ ತೆರೆಯಿತು, ಗಂಟಲು ಆಡಿತು. ನಾನು "ಟೀ ಕೆಟಲ್" ಅಂದೆ. ಇನ್ನೊಂದು ಚಿತ್ರಕ್ಕೆ "ಕುರಿ" ಅಂದೆ.

ಹೋಗುವಾಗ ಮಾಯ್ ಕಾರಿನ ಹತ್ತಿರ ನಿಂತು, "ನೋಲೀನ್, ನಿಮಗೊಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ," ಅಂದಳು.

"ಹೇಳಮ್ಮ."

"ನೀವು ಅವರಿಗಿಂತ ಮುಂಚೇನೇ ಉತ್ತರ ಕೊಡ್ತೀರ. ಅವರ ಮಾತು ಬಾಯಿಗೆ ಬರೋಕೆ ಹೊತ್ತು ಬೇಕು. ಕಾಯಿರಿ."

"ಅವನು ಪೇಚಾಡೋದನ್ನ ನೋಡ್ತಾ ಸುಮ್ಮನೆ ಕೂತಿರ್ಲಾ?"

"ಹೌದು," ಅಂದಳು. "ಅದೇ ಕಷ್ಟ."

ಬೇಜಾರು ಮಾಡಿಕೊಂಡೆ. ಇವನಿಗೆ ಅಂಗಿ ಗುಂಡಿ ಹಾಕುವವಳು ನಾನು, ಮಾಂಸ ಸಣ್ಣಗೆ ಕತ್ತರಿಸಿಕೊಡುವವಳು ನಾನು. ಹದಿನೈದು ದಿನಕ್ಕೊಮ್ಮೆ ಬರುವವಳು ನನಗೆ ಬುದ್ಧಿ ಹೇಳುತ್ತಾಳೆ.

ಜುಲೈ 6, ಶನಿವಾರ

ಆಟಕ್ಕೆ ಹೋಗೋಣ, ಕಾರಿನಿಂದ ಇಳಿಯುವುದು ಬೇಡ, ಗಾಜು ಏರಿಸಿಕೊಂಡೇ ಕೂರೋಣ ಎಂದೆ. ಇಲ್ಲ. ಕಂಬಳಿ ಹೊದ್ದುಕೊಂಡರೆ ಯಾರಿಗೂ ಕಾಣುವುದಿಲ್ಲ ಎಂದೆ. ಟೀ ಬಟ್ಟಲು ತೆಗೆದು ಗೋಡೆಗೆ ಎಸೆದ.

ಗೋಡೆ ಒರೆಸಿದೆ. ಮೈದಾನದಿಂದ ಕಾರುಗಳ ಹಾರನ್ ಇಲ್ಲಿಯವರೆಗೂ ಕೇಳುತ್ತದೆ. ಪ್ರತಿ ಗೋಲಿಗೂ ಬಾರಿಸುತ್ತಾರೆ. ಅವನು ಬೆರಳಲ್ಲಿ ಎಣಿಸುತ್ತಿದ್ದ.

ಜುಲೈ 16, ಮಂಗಳವಾರ

ಸಂಜೆ ಮೈದಾನಕ್ಕೆ ಹೋಗಿದ್ದೆ, ಅಭ್ಯಾಸ ನೋಡಲು. ನನಗಾಗಿ ಅಲ್ಲ. ರೆಕ್ಸ್‌ಗೆ ಯಾರಾದರೂ ಸುದ್ದಿ ತರಬೇಕಲ್ಲ. ಹುಬ್ಬು ನೋಡಿ ಎಷ್ಟು ದಿನ ರೇಡಿಯೋ ನಡೆಸುವುದು?

ಜುಲೈ ಅಂದರೆ ಇಲ್ಲಿ ನಡುಚಳಿಗಾಲ, ಮೂಗು ಉದುರುವಂತಿತ್ತು. ಗೋಧಿ ಕಣಜಗಳ ಹಿಂದೆ ಸೂರ್ಯ ಮುಳುಗುವ ಹೊತ್ತಿಗೆ ದೀಪ ಹಾಕಿದರು. ಸಿಯೋನೆ ಮೈದಾನದ ನಡುವೆ ಜಿಗಿಯುತ್ತಿದ್ದ. ಟೋಂಗಾ ದ್ವೀಪದ ಹುಡುಗ, ದ್ರಾಕ್ಷಿ ತೋಟದ ಕೆಲಸಕ್ಕೆಂದು ಅವನ ಅಪ್ಪ ಈ ಕಡೆ ಬಂದು ನೆಲೆಸಿದವನು. ಬಾಗಿಲಿನಷ್ಟು ಅಗಲ, ಬಾಗಿಲಿಗಿಂತ ಎತ್ತರ. ಆಟ ಶುರುವಾಗುವಾಗ ಅಂಪೈರ್ ಚೆಂಡನ್ನು ನೆಲಕ್ಕೆ ಕುಕ್ಕಿ ಮೇಲಕ್ಕೆ ಚಿಮ್ಮಿಸಿದರೆ, ಎದುರಾಳಿಗಿಂತ ಮೇಲೆ ಹಾರಿ ಅದನ್ನು ತನ್ನವರಿಗೆ ತಟ್ಟಿಕೊಡುವ ಕೆಲಸ ಇವನದು. ತಾರವಿಲ್‌ನ ಅರ್ಧ ಆಟ ಇವನ ಕೈಯಲ್ಲಿದೆ ಎಂದು ರೆಕ್ಸ್ ಹೇಳುತ್ತಿದ್ದ.

ಒಂದು ವಿಷಯ ಕಣ್ಣಿಗೆ ಬಿತ್ತು. ಜಿಗಿದವನು ಪ್ರತಿ ಸಲವೂ ಎಡಗಾಲಿನ ಮೇಲೇ ಇಳಿಯುತ್ತಿದ್ದಾನೆ. ಬಲಗಾಲನ್ನು, ಬಿಸಿ ನೀರಿಗೆ ಇಡುವಾಗ ಮಾಡುವಂತೆ, ತಡೆದು ತಡೆದು ಇಡುತ್ತಾನೆ. ಐದು ತಿಂಗಳಿಂದ ಒಂದು ಕಾಲು ಎಳೆಯುವವನ ಹಿಂದೆಯೇ ನಡೆಯುತ್ತಿದ್ದೇನೆ. ಇಂಥದ್ದು ನನಗೆ ಕಾಣದೆ ಇರುತ್ತದೆಯೇ?

ಮನೆಗೆ ಬಂದು ಹೇಳಿದೆ. ರೆಕ್ಸ್ ಕುರ್ಚಿಯನ್ನೇ ನನ್ನ ಕಡೆಗೆ ಎಳೆದುಕೊಂಡ. ಎದ್ದು ಮಾಡಿ ತೋರಿಸು ಎಂದು ಕೈ ಆಡಿಸಿದ. ಅರವತ್ತಾರರ ನಾನು ಅಡುಗೆಮನೆಯಲ್ಲಿ ಜಿಗಿದು ಒಂದೇ ಕಾಲ ಮೇಲೆ ಇಳಿದು ತೋರಿಸಿದೆ. ಕಪಾಟಿನ ತಟ್ಟೆಗಳೆಲ್ಲ ಗಲಗಲ ಅಂದವು. ಅವನು ನಕ್ಕ. ಫೆಬ್ರವರಿಯಿಂದ ಕೇಳಿರದ ನಗು.

ಮುಂದಿನ ವಾರವೂ ಹೋಗಬೇಕು. ಅವನಿಗೋಸ್ಕರ.

ಜುಲೈ 25, ಗುರುವಾರ

ಮೈಕಿನ ಮುಂದೆ ಒಂದು ತಪ್ಪು ಮಾಡಿದೆ. "ನನಗೆ ಅನ್ನಿಸುವುದೇನೆಂದರೆ" ಅಂದುಬಿಟ್ಟೆ. ತಕ್ಷಣ "ಅಂದರೆ ರೆಕ್ಸ್‌ಗೆ" ಎಂದು ಸರಿಪಡಿಸಿಕೊಂಡೆ. ಡೆಸ್ ಎದುರು ಕುರ್ಚಿಯಲ್ಲಿ ನಗುತ್ತಿದ್ದ.

ಮನೆಗೆ ಬಂದರೆ ಫೋನು. ನನ್ನ ತಮ್ಮ ಗ್ರೇಮ್. ಅವನು ಕೂಂಗಲ್ ಕ್ಲಬ್ಬಿನ ಅಧ್ಯಕ್ಷ. ಹುಟ್ಟುವಾಗಲೇ ಅದರ ಕೆಂಪು-ಕಪ್ಪು ಸ್ಕಾರ್ಫ್ ಸುತ್ತಿಕೊಂಡು ಬಂದವನಂತೆ ಆಡುತ್ತಾನೆ.

"ಏನ್ ನೋಲ್, ರೇಡಿಯೋ ರಾಣಿ! ಯಾರೇ ಬರೆದುಕೊಡ್ತಿರೋದು ನಿಂಗೆ?"

"ರೆಕ್ಸ್ ಹೇಳ್ತಾನೆ, ನಾನು ಓದ್ತೀನಿ."

"ಸುಮ್ನಿರೇ. ನಿನ್ನ ಗಂಡ ಮೂವತ್ತು ವರ್ಷದಲ್ಲಿ ಒಂದು ಸಲಾನಾದ್ರೂ ಆಟಗಾರರ ಬೂಟಿನ ದಾರದ ಬಗ್ಗೆ ಮಾತಾಡಿದ್ನಾ? ನೀನಾದ್ರೆ ನಮ್ಮ ಹುಡುಗನ ದಾರ ಬಿಚ್ಚಿಕೊಳ್ಳುತ್ತೆ ಅಂತಾನೂ ಹೇಳ್ತೀಯ!"

"ಬಿಚ್ಚಿಕೊಳ್ಳುತ್ತಲ್ಲ. ನಿಮ್ಮೂರಲ್ಲಿ ಗಂಟು ಹಾಕೋದು ಕಲಿಸಲ್ವಾ?"

"'ನಿಮ್ಮೂರು' ಅಂತೆ!" ಗ್ರೇಮ್ ಗಹಗಹಿಸಿದ. "ಇರ್ಲಿ ಇರ್ಲಿ. ಆಗಸ್ಟ್ ಹದಿನೇಳಕ್ಕೆ ಅಲ್ಲಿಗೇ ಬರ್ತೀವಿ. ಗೆದ್ದವರು ಫೈನಲ್ಸ್‌ಗೆ, ಸೋತವರು ಮನೆಗೆ. ಎಂಟು ವರ್ಷದಿಂದ ನಮ್ಮನ್ನ ಮುಟ್ಟೋಕೆ ಆಗಿಲ್ಲ ನಿಮ್ಮ ಕೈಲಿ. ಸ್ಪಂಜ್ ಕೇಕ್ ಮಾಡಿಟ್ಟಿರು."

ಇವನಿಗೆ ಕೇಕ್ ಬೇರೆ ಕೇಡು.

ಆಗಸ್ಟ್ 6, ಮಂಗಳವಾರ

ಮಾಯ್ ಬಂದು ಹೋದಳು. ಇವತ್ತು ನಾನು ಅಡುಗೆಮನೆಯಲ್ಲೇ ಇದ್ದೆ, ಬಾಗಿಲು ಹಾಕಿಕೊಂಡು. ಒಳಗೆ ಎಷ್ಟೋ ಹೊತ್ತು ಸದ್ದಿಲ್ಲ. ಕೈ ಹಿಟ್ಟಿನಲ್ಲಿದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಬಾಗಿಲು ತೆಗೆದು ನಾನೇ ಹೇಳಿಬಿಡುತ್ತಿದ್ದೆ. ಆಮೇಲೆ ಅವನ ಧ್ವನಿ: "ಕು... ಕುರಿ." ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡೆ, ಎರಡೂ ಕಣ್ಣು ಉರಿದವು.

ಸಂಜೆ ಮೈದಾನದಲ್ಲಿ ಸಿಯೋನೆ ಬೇಲಿಯ ಹತ್ತಿರ ಬಂದ.

"ಆಂಟಿ, ನೀವು ನನ್ನ ಕಾಲನ್ನೇ ನೋಡ್ತಾ ಇರ್ತೀರ ಅಲ್ವಾ?"

"ಡಾಕ್ಟರಿಗೆ ತೋರಿಸಿದ್ಯೇನಪ್ಪಾ?"

"ಪಾದದಲ್ಲಿ ಸಣ್ಣ ಬಿರುಕು. ಸಾಯೋವಂಥದ್ದಲ್ಲ, ಸೀಸನ್ ಮುಗಿಸಿ ಮಲಗು ಅಂದಿದಾರೆ. ಕೋಚ್‌ಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ." ಆಚೀಚೆ ನೋಡಿ ಧ್ವನಿ ತಗ್ಗಿಸಿದ. "ಕೂಂಗಲ್‌ನವರಿಗೆ ಗೊತ್ತಾದ್ರೆ ಮೊದಲ ನಿಮಿಷದಲ್ಲೇ ಅದರ ಮೇಲೆ ಬೀಳ್ತಾರೆ."

"ನನ್ನ ಹತ್ರ ಯಾಕೆ ಹೇಳ್ತಿದೀಯ? ನಾನು ಆ ಊರ ಹೆಣ್ಣು."

ಅವನಿಗೆ ಇದು ಹೊಸ ಸುದ್ದಿಯಾಗಿತ್ತು. ದೊಡ್ಡ ಕಣ್ಣು ಬಿಟ್ಟು ನೋಡಿದ. ಆಮೇಲೆ, "ಹೌದಾ?" ಎಂದು ಓಡಿಹೋದ, ಎಡಗಾಲಿಗೆ ಭಾರ ಕೊಟ್ಟು.

ಆಗಸ್ಟ್ 14, ಬುಧವಾರ

ಜಗಳ.

ನಾಳೆಯ ಮಾತು ಬರೆಯುತ್ತಿದ್ದೆವು. ಈ ವರ್ಷ ಇಡೀ ಜಿಲ್ಲೆ ಕೇಳುವುದು ಇದೊಂದನ್ನೇ. ಯಾರು ಗೆಲ್ಲುತ್ತಾರೆ ಎಂಬ ಜಾಗಕ್ಕೆ ಬಂದಾಗ ರೆಕ್ಸ್ ಎದೆ ತಟ್ಟಿಕೊಂಡ. ತಾರವಿಲ್.

"ಕೂಂಗಲ್," ಅಂದೆ ನಾನು. "ಎರಡು ಗೋಲಿನಿಂದ, ಹನ್ನೆರಡು ಅಂಕ."

"ಇಲ್ಲ."

"ಮೂರು ಕ್ವಾರ್ಟರ್ ನಿಮ್ಮವರೇ ಮುಂದಿರ್ತಾರೆ, ಒಪ್ಪಿದೆ. ನಾಲ್ಕನೇದ್ರಲ್ಲಿ ಸಿಯೋನೆಗೆ ಜಿಗಿಯೋಕಾಗಲ್ಲ. ನಡುವೆ ಚೆಂಡು ಅವರದ್ದಾಗುತ್ತೆ. ಆಮೇಲೆ ಅವರ ಆ ಕೆಂಪು ಕೂದಲಿನವನನ್ನ ಯಾರು ತಡೀತಾರೆ? ಹೇಳು, ಯಾರು?"

"ಮಂಗಳವಾರ!"

"ಅವನ್ಯಾರು ಮಂಗಳವಾರ? ಯಾವ ಜಾಗದಲ್ಲಿ ಆಡ್ತಾನೆ?"

ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಅವನು ಕೋಲು ನೆಲಕ್ಕೆ ಕುಟ್ಟಿದ. ನಾನು ಪೆನ್ನು ಮೇಜಿಗೆ ಕುಟ್ಟಿದೆ. ಮೂವತ್ತು ವರ್ಷ ತಾರವಿಲ್ ತಾರವಿಲ್ ಎಂದು ಕಣ್ಣು ಮುಚ್ಚಿ ಹೇಳಿದ್ದೀಯ, ಅರ್ಧಕ್ಕರ್ಧ ಸಲ ಸೋತಿದ್ದೀಯ, ಅದು ಭವಿಷ್ಯವಲ್ಲ, ಬರೀ ಆಸೆ ಎಂದೆ. ಮಂಗಳವಾರದ ಚಳಿಯಲ್ಲಿ ಬೇಲಿ ಹಿಡಿದು ನಿಂತವಳು ನಾನು ಎಂದೆ. ನಮ್ಮ ಹುಡುಗರ ಮೇಲೆ ನನಗೇನು ದ್ವೇಷವೇ ಎಂದೆ. ಧ್ವನಿ ಬೀದಿಗೂ ಕೇಳಿಸಿರಬೇಕು. ಕಾಯಿಲೆಯವನ ಮುಂದೆ ಹೀಗೆ ಅರಚಿದೆನಲ್ಲ.

ಅವನು ಎದ್ದು ನಿಂತ. ಕುತ್ತಿಗೆಯ ನರಗಳೆಲ್ಲ ಉಬ್ಬಿದ್ದವು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ನಾನೂ ಸಿಟ್ಟಿಗೆ ಸುಮ್ಮನೆ ದುರುಗುಟ್ಟಿಕೊಂಡು ನಿಂತಿದ್ದೆ.

"ನೀನು," ಅಂದ. "ನೀನು... ತಪ್ಪು."

"ತಪ್ಪೋ ಸರಿಯೋ ಶನಿವಾರ ನೋಡೋಣ!" ಎಂದು ಒಳಗೆ ಬಂದು ಪಾತ್ರೆ ತೊಳೆಯತೊಡಗಿದೆ.

ಮೂರನೆಯ ತಟ್ಟೆ ತೊಳೆಯುವಾಗ ತಲೆಗೆ ಹೋಯಿತು. ನೀನು ತಪ್ಪು. ಎರಡು ಪದ, ಒಂದರ ಪಕ್ಕ ಒಂದು, ಎರಡೂ ಅವನು ಅಂದುಕೊಂಡ ಪದಗಳೇ. ನಲ್ಲಿ ಹಾಗೇ ಬಿಟ್ಟು ಓಡಿದೆ.

"ಏನಂದೆ? ಇನ್ನೊಂದ್ಸಲ ಹೇಳು."

ರೆಕ್ಸ್ ನನ್ನನ್ನು ನೋಡಿದ. ಅವನಿಗೂ ಗೊತ್ತಾಗಿತ್ತು.

"ತಪ್ಪು," ಅಂದ. "ನೀನು ತಪ್ಪು. ತಪ್ಪು, ತಪ್ಪು, ನೀನು ತಪ್ಪು."

ನಲವತ್ತು ವರ್ಷದಲ್ಲಿ ಇವನ ಬಾಯಿಂದ ಇಷ್ಟು ಚಂದದ ಮಾತು ಕೇಳಿರಲಿಲ್ಲ. ಇಬ್ಬರೂ ಅಳುತ್ತ ನಿಂತೆವು. ಅಡುಗೆಮನೆಯ ನೆಲವೆಲ್ಲ ನೀರು.

ಕೂಂಗಲ್ ಎರಡು ಗೋಲಿನಿಂದ ಗೆಲ್ಲುತ್ತದೆ. ಅದು ಬೇರೆ ವಿಷಯ.

ಆಗಸ್ಟ್ 15, ಗುರುವಾರ

ರೆಕ್ಸ್ ರೇಡಿಯೋಗೆ ಬಂದ. ನಾನು ಕರೆಯಲಿಲ್ಲ. ಹೊರಡುವ ಹೊತ್ತಿಗೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನನ್ನ ಮಾತೊಂದೇ ಊರಿಗೆ ಕೇಳಿಬಿಟ್ಟೀತೆಂದು ಅವನಿಗೆ ಹೆದರಿಕೆ.

ಡೆಸ್ ಗಾಬರಿಯಾದ. ಇಬ್ಬರ ನಡುವೆ ಮೈಕು ಇಟ್ಟ.

ನಾನು ನನ್ನದನ್ನು ಹೇಳಿದೆ. ಇವತ್ತು ಯಾರ ಹೆಸರಿನ ಹಿಂದೆಯೂ ನಿಲ್ಲಲಿಲ್ಲ, ನಿಲ್ಲಲು ಜಾಗವೇ ಇರಲಿಲ್ಲ. ಅವನು ಪಕ್ಕದಲ್ಲೇ ಕೂತಿದ್ದನಲ್ಲ. ತಾರವಿಲ್ ಮೈದಾನದ ಗಾಳಿ, ಎರಡೂ ಕಡೆಯ ಗೋಲು ಹೊಡೆಯುವವರು, ಕೂಂಗಲ್‌ನ ಕೆಂಪು ಕೂದಲಿನವನ ಓಟ. ಕೊನೆಗೆ, "ನನ್ನ ಪ್ರಕಾರ ಕೂಂಗಲ್, ಎರಡು ಗೋಲಿನಿಂದ," ಎಂದೆ. ಸಿಯೋನೆಯ ಕಾಲಿನ ಸುದ್ದಿ ಎತ್ತಲಿಲ್ಲ. ಏಕೆ ಎಂಬುದಕ್ಕೆ ಕಾರಣವನ್ನೇ ಕೊಡಲಿಲ್ಲ. ಕೇಳುವವರಿಗೆ ನಾನು ತವರಿನ ಮೋಹದವಳು ಎಂದೇ ಅನ್ನಿಸಿರಬೇಕು. ಅನ್ನಿಸಲಿ.

"ರೆಕ್ಸ್," ಅಂದ ಡೆಸ್, "ನೀನೇನು ಹೇಳ್ತೀಯ?"

ರೆಕ್ಸ್ ಬಾಯಿ ತೆರೆದ. ಏನೂ ಬರಲಿಲ್ಲ.

ರೇಡಿಯೋದಲ್ಲಿ ಮೌನ ಎಂದರೆ ಏನೆಂದು ಇವತ್ತು ಗೊತ್ತಾಯಿತು. ಎಲ್ಲರ ಅಡುಗೆಮನೆಯಲ್ಲಿ, ಕಾರಿನಲ್ಲಿ, ಹಾಲು ಕರೆಯುವ ಕೊಟ್ಟಿಗೆಯಲ್ಲಿ ಅದೇ ಮೌನ ಕೇಳುತ್ತಿದೆ. ಡೆಸ್‌ನ ಕೈ ಹಾಡಿನ ಗುಂಡಿಯ ಕಡೆಗೆ ಹೋಯಿತು. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಅವನು ಎಳೆದ, ನಾನು ಬಿಡಲಿಲ್ಲ. ರೆಕ್ಸ್‌ನ ಹಣೆಯಲ್ಲಿ ಬೆವರು. ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದೆ.

"ತಾರವಿಲ್," ಅಂದ ರೆಕ್ಸ್. ಸ್ಪಷ್ಟವಾಗಿ, ಹಳೆಯ ಧ್ವನಿಯಲ್ಲೇ. ಆಮೇಲೆ ಖುಷಿಗೆ ಇನ್ನೊಂದು ಪದವೂ ಬಂದುಬಿಟ್ಟಿತು. "ಮಂಗಳವಾರ!"

"ಶನಿವಾರ," ಅಂದ ಡೆಸ್, ಕಣ್ಣು ಒರೆಸಿಕೊಂಡು. "ಆಟ ಶನಿವಾರ, ಕೇಳುಗರೇ. ಮಧ್ಯಾಹ್ನ ಎರಡಕ್ಕೆ."

ಹೊರಗೆ ಬಂದರೆ ಬೀದಿಯಲ್ಲಿ ನಿಂತಿದ್ದ ಕಾರುಗಳು ಹಾರನ್ ಬಾರಿಸುತ್ತಿದ್ದವು. ರೆಕ್ಸ್ ಟೋಪಿ ತೆಗೆದ.

ಆಗಸ್ಟ್ 16, ಶುಕ್ರವಾರ

ಹಾರನ್ ರೆಕ್ಸ್‌ಗೆ. ನನಗೆ ಬೇರೆ ಥರದ ಮರ್ಯಾದೆ. ಮಾಂಸದಂಗಡಿಯವನು ಕತ್ತಿ ಒರೆಸುತ್ತ, "ಕೂಂಗಲ್‌ನಲ್ಲಿ ಕುರಿ ಮಾಂಸ ಭಾರಿ ಚೆನ್ನಾಗಿರುತ್ತಂತೆ ನೋಲೀನ್. ಅಲ್ಲೇ ತಗೋಬಾರದಾ?" ಅಂದ. ಮೈದಾನದ ಕ್ಯಾಂಟೀನಿನ ಹೆಂಗಸರು ನಾಳೆಗೆ ನನ್ನ ಕೇಕ್ ಬೇಡವಂತೆ, ಬೇಕಾದಷ್ಟಾಗಿದೆಯಂತೆ. ಯಾವ ವರ್ಷವೂ ಬೇಕಾದಷ್ಟಾಗಿಲ್ಲ.

ಮಧ್ಯಾಹ್ನ ಗ್ರೇಮ್ ಫೋನು.

"ರಕ್ತ ರಕ್ತಾನೇ ಬಿಡು ನೋಲ್! ನಮ್ಮ ಕ್ಲಬ್ಬಲ್ಲಿ ನಿನ್ನ ಹೆಸರಲ್ಲಿ ಬಿಯರ್ ಕುಡಿದ್ವಿ ಗೊತ್ತಾ?" ಆಮೇಲೆ ಧ್ವನಿ ಬದಲಾಯಿತು. "ಅದ್ಸರಿ, ಎರಡು ಗೋಲು ಅಂತ ಅಷ್ಟು ಖಡಾಖಂಡಿತವಾಗಿ ಹೇಳಿದ್ಯಲ್ಲ. ಏನೋ ನೋಡಿದೀಯ ನೀನು. ಯಾರಿಗೇನಾಗಿದೆ?"

"ಯಾರಿಗೂ ಏನೂ ಆಗಿಲ್ಲ."

"ಒಂದೇ ಮಾತು ಹೇಳು. ಆ ಎತ್ತರದವನಾ?"

"ಕನಸಲ್ಲಿ ಬಿತ್ತು ಕಣೋ. ಫೋನಿಡು."

"ತಮ್ಮನಿಗೂ ಹೇಳಲ್ವಾ?"

"ತಮ್ಮನಿಗೆ ಕೇಕ್ ಕೊಡ್ತೀನಿ. ಬೇರೆ ಯಾರಿಗೂ ಬೇಡವಂತೆ."

ಫೋನಿಟ್ಟ ಮೇಲೆ ನೋಡಿದರೆ ರೆಕ್ಸ್ ನನ್ನನ್ನೇ ನೋಡುತ್ತಿದ್ದ. ಪಕ್ಕದ ಕುರ್ಚಿ ತಟ್ಟಿ ತೋರಿಸಿದ. ಹೋಗಿ ಕೂತೆ.

ಆಗಸ್ಟ್ 17, ಶನಿವಾರ

ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಸಾಸಿವೆಯಂಥ ಹಳದಿ ಹೂ ಬಿಟ್ಟ ಕನೋಲಾ ಹೊಲಗಳ ನಡುವಿನ ದಾರಿಯಲ್ಲಿ ಕೂಂಗಲ್‌ನ ಕಾರುಗಳು ಮೆರವಣಿಗೆಯ ಹಾಗೆ ಬಂದವು. ರೆಕ್ಸ್ ನನಗಿಂತ ಮೊದಲೇ ತಯಾರಾಗಿದ್ದ, ಅಂಗಿಯ ಎರಡು ಗುಂಡಿ ತಾನೇ ಹಾಕಿಕೊಂಡಿದ್ದ. ಕಾರೊಳಗೆ ಕೂರಲು ಒಪ್ಪಲಿಲ್ಲ. ಬೇಲಿಯ ಪಕ್ಕ ಎರಡು ಮಡಿಸುವ ಕುರ್ಚಿ ಹಾಕಿದೆ. ಎಲ್ಲರೂ ಬಂದು ಕೈ ಕುಲುಕಿದರು. ಕೆಲವರು ಕಿವುಡನೊಡನೆ ಮಾತಾಡುವ ಹಾಗೆ ಕೂಗಿದರು. ಅವನು ಸಹಿಸಿಕೊಂಡ.

ಮೂರು ಕ್ವಾರ್ಟರ್ ನಾವೇ ಮುಂದೆ. ಸಿಯೋನೆ ಕೊಕ್ಕರೆಯ ಹಾಗೆ ಒಂದೇ ಕಾಲಲ್ಲಿ ಇಳಿದು ಇಳಿದು ಪ್ರತಿ ಚೆಂಡನ್ನೂ ಗೆದ್ದ. ನಾಲ್ಕನೆಯದರಲ್ಲಿ ಆಗಲಿಲ್ಲ. ಎರಡು ಸಲ ಜಿಗಿಯಲು ಹೋಗಿ ಕುಸಿದ, ಎದ್ದ. ಚೆಂಡು ಅವರದಾಯಿತು, ಕೆಂಪು ಕೂದಲಿನವನು ಓಡಿದ್ದೇ ಓಡಿದ್ದು, ಮೂರು ಗೋಲು. ನಾನು ಹೇಳಿದ್ದು ಹೇಳಿದ ಹಾಗೆಯೇ ನಡೆಯುತ್ತಿತ್ತು. ಬೇಲಿ ಬಡಿದು "ಅವನ ಮುಂದೆ ಹೋಗಿ ನಿಲ್ರೋ, ಹಿಂದೆ ಅಲ್ಲ!" ಎಂದು ಕೂಗುತ್ತಿದ್ದೆನಂತೆ, ಡೆಸ್ ಹೇಳಿದ. ಅಂಪೈರ್‌ಗೆ ಏನೇನು ಅಂದೆನೋ, ಅದನ್ನು ಅವನು ಹೇಳಲಿಲ್ಲ. ಈಗ ಗಂಟಲಲ್ಲಿ ಧ್ವನಿಯೇ ಇಲ್ಲ.

ನಾಲ್ಕು ಅಂಕ ಹಿಂದಿದ್ದೆವು, ಒಂದು ಗೋಲು ಬಂದರೆ ಗೆದ್ದೆವು. ಆಟ ಮುಗಿಯುವ ಸೈರನ್ ಹೊಡೆಯುವ ಸ್ವಲ್ಪ ಮುಂಚೆ ಸಿಯೋನೆ ಎಲ್ಲಿಂದಲೋ ಬಂದ. ಆ ಬಲಗಾಲನ್ನೇ ನೆಲಕ್ಕೆ ಒದ್ದು ನಾಲ್ಕು ಜನರ ತಲೆಯ ಮೇಲೆ ಹಾರಿ ಚೆಂಡು ಹಿಡಿದ. ಗೋಲಿಗೆ ನೇರ. ಹಾಗೆ ಹಿಡಿದವನನ್ನು ಒದೆಯುವ ತನಕ ಯಾರೂ ಮುಟ್ಟುವಂತಿಲ್ಲ. ಅವನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಒದ್ದ. ಚೆಂಡು ಕಂಬಕ್ಕೆ ಬಡಿಯಿತು. ಒಂದೇ ಅಂಕ.

ಮೂರು ಅಂಕದಿಂದ ಸೋತೆವು.

ಮಾಂಸದಂಗಡಿಯವನು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಸಿಯೋನೆಯನ್ನು ಇಬ್ಬರು ಹೊತ್ತು ತರುತ್ತಿದ್ದರು. ರೆಕ್ಸ್‌ನ ಮುಂದೆ ಬಂದಾಗ ಇಳಿಸಲು ಹೇಳಿದ.

"ಸಾರಿ ಅಂಕಲ್," ಅಂದ. ಕೆಸರು ಮುಖದಲ್ಲಿ ಕಣ್ಣೀರಿನ ಗೆರೆ.

ರೆಕ್ಸ್ ಎಡಗೈಯಲ್ಲಿ ಅವನ ಜೆರ್ಸಿ ಹಿಡಿದು ಎಳೆದು ಹಣೆಗೆ ಹಣೆ ಒತ್ತಿದ. ಅಷ್ಟೆ.

ಆಮೇಲೆ ಗ್ರೇಮ್ ಬಂದ, ಕೈಯಲ್ಲಿ ಬಿಯರ್, ಮುಖದ ತುಂಬ ಹಲ್ಲು.

"ನೋಡಿದ್ಯಾ ನೋಲ್? ಒಂಬತ್ತನೇ ವರ್ಷ!" ಆಮೇಲೆ ರೆಕ್ಸ್‌ನ ತಲೆಯ ಮೇಲಿಂದ ನನ್ನನ್ನು ನೋಡಿ, ಸ್ವಲ್ಪ ಮೆತ್ತಗೆ, "ಹೆಂಗಿದಾನೆ ಈಗ?"

"ಅವನನ್ನೇ ಕೇಳು," ಅಂದೆ. ನನಗೆ ಮಾಂಸದ ಪೈ ತರಬೇಕಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲ.

ಗ್ರೇಮ್ ಕಾಲು ಬದಲಿಸಿ ನಿಂತ. "ರೆಕ್ಸ್, ಹೆಂಗಿದೀಯಪ್ಪಾ?"

ರೆಕ್ಸ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬಾಯಿ ಆಡಿಸಿದ. ಗ್ರೇಮ್ ನನ್ನ ಕಡೆ ತಿರುಗಿದ, ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಿದ್ದೆ.

"ಮುಂದಿನ," ಅಂದ ರೆಕ್ಸ್. ಉಸಿರು ತೆಗೆದುಕೊಂಡ. "ಮುಂದಿನ... ವರ್ಷ."

ಸೋತವರೆಲ್ಲ ಗೆದ್ದವರಿಗೆ ಹೇಳುವ ಮಾತು. ಗ್ರೇಮ್ ನಗಲು ಬಾಯಿ ತೆರೆದವನು ನಗಲಿಲ್ಲ. ಬಿಯರನ್ನು ಬೇಲಿಯ ಕಂಬದ ಮೇಲಿಟ್ಟು, ಎರಡೂ ಕೈಯಿಂದ ರೆಕ್ಸ್‌ನ ಬಲಗೈ ಹಿಡಿದುಕೊಂಡ.

"ಬಾ," ಅಂದ. "ಬಾರಪ್ಪಾ, ಕಾಯ್ತಿರ್ತೀವಿ."

ನಾನು ಪೈ ತರಲು ಹೋದೆ. ಸಾಲು ಉದ್ದವಿತ್ತು. ತಿರುಗಿ ಬರುವಷ್ಟರಲ್ಲಿ ಅವರಿಬ್ಬರೂ ಆ ಕಂಬಕ್ಕೆ ಬಡಿದ ಚೆಂಡಿನ ಬಗ್ಗೆ ಜಗಳವಾಡುತ್ತಿದ್ದರು. ನನ್ನ ಕುರ್ಚಿಯಲ್ಲಿ ಗ್ರೇಮ್ ಕೂತಿದ್ದ, ನನಗೆ ಕೂರಲು ಜಾಗವಿರಲಿಲ್ಲ.